ಓಪನ್ ವಾಟರ್ ಮುಗಿದ ಕೂಡಲೇ ಅಡ್ವಾನ್ಸ್ಡ್ ಕೋರ್ಸ್ ಮಾಡಬೇಕಾ?

ಸ್ಕೂಬಾ ಡೈವಿಂಗಿನ ಮೊದಲ ಕೋರ್ಸ್ ಓಪನ್ ವಾಟರ್ ಈಗಷ್ಟೇ ಮುಗಿಸಿದ್ದೀನಿ, ತಕ್ಷಣ ಮುಂದಿನದಾದ ಅಡ್ವಾನ್ಸ್ಡ್‌ಗೆ ಸೇರಲಾ ಇಲ್ಲ ಇನ್ನೊಂದಷ್ಟು ಡೈವ್ ಮಾಡಿ ಆಮೇಲೆ ನೋಡಲಾ ಅಂತ ಕೇಳಿದ್ದೀರಿ. ಸೇರಿ, ತಪ್ಪೇನಿಲ್ಲ. ಆದರೆ ಆಳದ ಆಸೆಗೆ ಮಾತ್ರ ಸೇರಬೇಡಿ.

ಎಲ್ಲರ ಕಣ್ಣೂ 18 ಮೀಟರ್ ಮಿತಿ 30 ಆಗುತ್ತಲ್ಲ, ಅದರ ಮೇಲೇ. 30 ಮೀಟರ್‌ನಲ್ಲಿ ಒತ್ತಡ ಮೇಲಿಗಿಂತ ನಾಲ್ಕು ಪಟ್ಟು, ಅಂದರೆ ಪ್ರತಿ ಉಸಿರಿಗೂ ಸಿಲಿಂಡರಿನಿಂದ ನಾಲ್ಕು ಪಟ್ಟು ಗಾಳಿ ಖಾಲಿ. ಹೊಸಬರು ಹೇಗೂ ಜಾಸ್ತಿ ಉಸಿರಾಡುತ್ತಾರೆ. ಕೆಳಗೆ ಮುಟ್ಟಿ ನಾಲ್ಕು ಕಡೆ ನೋಡುವಷ್ಟರಲ್ಲಿ, ಉಳಿದ ಗಾಳಿ ತೋರಿಸುವ ಗೇಜ್ ವಾಪಸ್ ಹೊರಡು ಅನ್ನುತ್ತೆ. ನೈಟ್ರೋಜನ್ ಕೆಲವರಿಗೆ ಅಲ್ಲಿ ಮತ್ತೇರಿಸುವುದೂ ಉಂಟು. ಕೆಂಪು ಬಣ್ಣವಂತೂ ಟಾರ್ಚ್ ಇಲ್ಲದೆ ಕಾಣಲ್ಲ.

ಡೈವಿಂಗ್ ತರಬೇತಿ ಸಂಸ್ಥೆ ಪ್ಯಾಡಿಯ (PADI) ಕೋರ್ಸ್ ಆದರೆ ಐದು ಡೈವ್. ಆಳದ್ದು ಮತ್ತು ದಿಕ್ಸೂಚಿಯದ್ದು ಕಡ್ಡಾಯ, ಉಳಿದ ಮೂರು ನಿಮ್ಮ ಆಯ್ಕೆ. ಅದರಲ್ಲಿ ಮೊದಲು ಬೊಯನ್ಸಿ, ಅಂದರೆ ತೇಲುವಿಕೆಯ ಹಿಡಿತ, ತಗೊಳ್ಳಿ. ನೀರಿನ ನಡುವೆ ಮೇಲೂ ಹೋಗದೆ ಕೆಳಗೂ ಜಾರದೆ ನಿಲ್ಲುವುದು ಬರದಿದ್ದರೆ ಕ್ಯಾಮೆರಾ ಹಿಡಿದು ಏನು ಪ್ರಯೋಜನ, ಸುಮ್ನೆ ಹವಳಕ್ಕೆ ಒದೆಯುತ್ತೀರಿ ಅಷ್ಟೇ.

ಹೊಸಬರಲ್ಲಿ ಬಹಳಷ್ಟು ಜನರ ತೊಂದರೆ ಇರುವುದು ಮುಳುಗಲು ಸೊಂಟಕ್ಕೆ ಕಟ್ಟಿಕೊಳ್ಳುವ ತೂಕದಲ್ಲಿ. ತೂಕ ಜಾಸ್ತಿಯಾದರೆ ಮುಳುಗದಿರಲು ಜಾಕೆಟ್‌ಗೆ ಗಾಳಿ ತುಂಬುತ್ತೀರಿ, ಆ ಗಾಳಿ ಸ್ವಲ್ಪ ಮೇಲೆ ಬಂದರೆ ಉಬ್ಬುತ್ತೆ, ಸ್ವಲ್ಪ ಇಳಿದರೆ ಕುಗ್ಗುತ್ತೆ, ಹಾಗಾಗಿ ಇಡೀ ಡೈವ್ ಬಟನ್ ಒತ್ತುವುದರಲ್ಲೇ ಕಳೆದುಹೋಗುತ್ತೆ. ಸರಿಯಾದ ತೂಕ ಅಂದರೆ, ಸಿಲಿಂಡರ್ ಹೆಚ್ಚುಕಡಿಮೆ ಖಾಲಿಯಾದಾಗ, ಜಾಕೆಟ್‌ನಲ್ಲಿ ಗಾಳಿಯೇ ಇಲ್ಲದೆ, 5 ಮೀಟರ್‌ನಲ್ಲಿ ನೀವು ಆರಾಮಾಗಿ ನಿಲ್ಲಬೇಕು. ಖಾಲಿಯಾದಾಗ ಯಾಕೆ? ಗಾಳಿಗೂ ತೂಕ ಇದೆಯಲ್ವಾ, ಡೈವ್ ಮುಗಿಯುವಾಗ ಸಿಲಿಂಡರ್ ಸುಮಾರು 2 ಕೆ.ಜಿ. ಹಗುರವಾಗಿರುತ್ತೆ. ಉಳಿದ ಸಣ್ಣ ಏರಿಳಿತವನ್ನು ಶ್ವಾಸಕೋಶವೇ ನೋಡಿಕೊಳ್ಳುತ್ತೆ: ನಿಧಾನ ಎಳೆದರೆ ಒಂಚೂರು ಮೇಲೆ, ಬಿಟ್ಟರೆ ಕೆಳಗೆ, ಅದೂ ಕ್ಷಣ ತಡವಾಗಿ. ಆ ತಡ ಅಭ್ಯಾಸ ಆಗುವವರೆಗೆ ಎಲ್ಲರೂ ಯೋಯೋ. ಉಸಿರು ಮಾತ್ರ ಯಾವತ್ತೂ ಹಿಡಿಯಬೇಡಿ.

ಆಯ್ಕೆಯ ಇನ್ನೆರಡು ಡೈವ್‌ಗೆ ರಾತ್ರಿ ಡೈವ್, ಪ್ರವಾಹದ ಜೊತೆ ಸಾಗುವ ಡ್ರಿಫ್ಟ್, ಏನಾದರೂ ಸರಿ. ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಗಾಳಿ) ಬೇಕಾದರೆ ಬೇರೆಯಾಗಿ ಕಲಿಯಬಹುದು.

ನಿಜಕ್ಕೂ ಡೈವರ್ ಬದಲಾಗುವುದು ಅಡ್ವಾನ್ಸ್ಡ್‌ನ ಮುಂದಿನ ರೆಸ್ಕ್ಯೂ ಕೋರ್ಸ್‌ನಲ್ಲಿ ಅಂತ ನನ್ನ ಅಭಿಪ್ರಾಯ. ಸುಸ್ತಾದವರನ್ನು ಎಳೆದು ತರುವುದು, ಗಾಬರಿಯಲ್ಲಿ ಮೇಲೆ ಬಿದ್ದು ಹಿಡಿಯುವವರಿಂದ ತಪ್ಪಿಸಿಕೊಂಡು ಮತ್ತೆ ಅವರನ್ನೇ ಕಾಪಾಡುವುದು, ಎಲ್ಲ ಮಾಡಿಸುತ್ತಾರೆ. ಅಲ್ಲಿಯವರೆಗೆ ನಮ್ಮ ಗೇಜ್ ಬಿಟ್ಟು ಬೇರೇನೂ ನೋಡದವರು ಪಕ್ಕದವರ ಗುಳ್ಳೆಗಳನ್ನೂ ಗಮನಿಸಲು ಶುರು ಮಾಡುತ್ತೇವೆ. ಆ ಕೋರ್ಸ್‌ಗೆ ಪ್ರಥಮ ಚಿಕಿತ್ಸೆ ತರಬೇತಿಯೂ ಬೇಕು.

ಹಣ ಕಟ್ಟುವ ಮೊದಲು ಇನ್‌ಸ್ಟ್ರಕ್ಟರ್ ಹತ್ತಿರ ಎರಡೇ ಪ್ರಶ್ನೆ ಕೇಳಿ: ನೀರಿಗೆ ಒಟ್ಟಿಗೆ ಎಷ್ಟು ಜನರನ್ನು ಕರೆದೊಯ್ಯುತ್ತೀರಿ, ನಾನು ಕಟ್ಟಬೇಕಾದ ತೂಕವನ್ನು ನೀರಲ್ಲೇ ಪರೀಕ್ಷಿಸಿ ಕೊಡುತ್ತೀರಾ? ಎರಡನೆಯದಕ್ಕೆ ನಕ್ಕು ಸುಮ್ಮನಾದರೆ ಬೇರೆ ಕಡೆ ವಿಚಾರಿಸಿ.