ಹಿತ್ತಲ ನರ್ಸರಿ: ಧೂಪದ ಬೀಜಕ್ಕೆ ಡಬ್ಬಿ ಆಗೋದಿಲ್ಲ

ಪ್ರಶ್ನೆ: ನಮ್ಮ ಬೆಟ್ಟದ ಅಂಚಿನ ಬೋಳು ಜಾಗದಲ್ಲಿ ಕಾಡುಮರ ಬೆಳೆಸೋಣ ಅಂತ ಹೋದ ವರ್ಷ ಸಾಲುಧೂಪ, ರಾಮಪತ್ರೆ, ಕಕ್ಕೆ ಬೀಜ ಆರಿಸಿ ತಂದೆ. ಬಿಸಿಲಿಗೆ ಒಣಗಿಸಿ ಡಬ್ಬಿಯಲ್ಲಿಟ್ಟಿದ್ದೆ. ಉಪ್ಪಾಗೆ (ಹುಳಿಗೆ ಬಳಸುವ ಕಾಡುಹಣ್ಣು) ಬೀಜವನ್ನೂ ತಂದಿದ್ದೆ, ಅದನ್ನು ಮಾತ್ರ ನೆರಳಲ್ಲಿ ಒಣಗಿಸಿದ್ದು. ಮಾರ್ಚ್‌ನಲ್ಲಿ ಎಲ್ಲವನ್ನೂ ಕೊಟ್ಟೆಗೆ (ಮಣ್ಣು ತುಂಬಿದ ಸಸಿ ಚೀಲಕ್ಕೆ) ಹಾಕಿದೆ. ಈಗ ಜೂನ್ ಬಂತು, ನಾಲ್ಕೈದು ಕಕ್ಕೆ ಬಿಟ್ಟರೆ ಏನೂ ಹುಟ್ಟಿಲ್ಲ. ಬೀಜವೇ ಸರಿ ಇರಲಿಲ್ವಾ?
– ಒಬ್ಬ ಓದುಗರು, ಸಿದ್ದಾಪುರ ತಾಲೂಕು

ಉತ್ತರ: ಬೀಜ ಸರಿಯೇ ಇತ್ತು. ಕೊಂದದ್ದು ಬಿಸಿಲು. ಅಡಿಕೆಯವರಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ಅಂಗಳದಲ್ಲಿ ಹರವುವ ಚಾಳಿ. ನಾನೂ ಅದನ್ನೇ ಮಾಡಿದ್ದೆ. ಮೊದಲ ವರ್ಷ ಒಂದು ಬುಟ್ಟಿ ನೇರಳೆ ಬೀಜ ಒಣಗಿಸಿ, ಅಟ್ಟದಲ್ಲಿಟ್ಟು, ಆರು ತಿಂಗಳ ಮೇಲೆ ಬಿತ್ತಿದೆ. ಒಂದೂ ಹುಟ್ಟಲಿಲ್ಲ. ಆಗ ಅತ್ತೆ ಕೇಳಿದರು: "ಬೀಜಕ್ಕೆ ಇಟ್ಟ ಹಣ್ಣಡಿಕೆಯನ್ನು ಯಾರಾದ್ರೂ ಒಣಗಿಸ್ತಾರೇನೆ?" ಉತ್ತರ ಮನೆಯಲ್ಲೇ ಇತ್ತು, ನೋಡಿ.

ಸಾಲುಧೂಪ, ರಾಮಪತ್ರೆ, ನೇರಳೆ, ಹಲಸು ಇವೆಲ್ಲ ಹಸಿ ಬೀಜದ ಮರಗಳು. ಒಳಗಿನ ನೀರು ಆರಿದರೆ ಬೀಜ ಸತ್ತ ಹಾಗೆ. ಸಾಲುಧೂಪದ ಕಾಯಿ ಮಳೆ ಹಿಡಿಯುವ ಹೊತ್ತಿಗೇ ಉದುರುತ್ತೆ. ಮರದಡಿಯ ದರಕಿನಲ್ಲೇ (ಉದುರಿದ ಒಣ ಎಲೆಯಲ್ಲೇ) ಮೊಳೆಯುತ್ತೆ. ಈ ವಾರವೇ ಹೋಗಿ ನೋಡಿ. ಮೊಳಕೆ ಮುರಿಯದಂತೆ ಹಸಿ ಗೋಣಿಯಲ್ಲಿ ಸುತ್ತಿ ತನ್ನಿ, ಸಂಜೆಯೊಳಗೆ ಕೊಟ್ಟೆಗೆ ಹಾಕಿ. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆ ಸಗಣಿ ಗೊಬ್ಬರ ಸಾಕು. ರಾಮಪತ್ರೆಗೂ ಹೀಗೇ. ಬೀಜಕ್ಕೆ ಸುತ್ತಿದ ಪೊರೆ, ಅಂದರೆ ಪತ್ರೆ, ಬಿಡಿಸಿ ಮಾರುವುದಿದ್ದರೆ ಮಾರಿಕೊಳ್ಳಿ, ಬೀಜವನ್ನು ಅಂದೇ ನೆರಳಲ್ಲಿ ಊರಿಬಿಡಿ.

ಕಕ್ಕೆಯದು ತದ್ವಿರುದ್ಧ. ಅದು ಒಣಗಿದರೂ ಬದುಕಿರುತ್ತೆ, ಆದರೆ ಸಿಪ್ಪೆ ಕಲ್ಲಿನ ಹಾಗೆ, ನೀರು ಒಳಗೆ ಹೋಗೋದೇ ಇಲ್ಲ. ಒರಟು ಕಲ್ಲಿಗೆ ಒಂದು ಬದಿ ಸ್ವಲ್ಪ ತಿಕ್ಕಿ. ಇಲ್ಲವೇ ಕುದಿದ ನೀರನ್ನು ಒಲೆಯಿಂದ ಇಳಿಸಿ ಬೀಜದ ಮೇಲೆ ಸುರಿದು ರಾತ್ರಿಯಿಡೀ ಬಿಡಿ. ಉಬ್ಬಿದವನ್ನು ಬಿತ್ತಿ, ಉಬ್ಬದವಕ್ಕೆ ಮತ್ತೊಮ್ಮೆ ಅದೇ ಮಾಡಿ.

ಉಪ್ಪಾಗೆ ಕೊಟ್ಟೆ ಮಾತ್ರ ಚೆಲ್ಲಬೇಡಿ! ಅದು ತಿಂಗಳುಗಟ್ಟಲೆ ಸುಮ್ನೆ ಕೂತಿರುವ ಜಾತಿ. ನಾನು ಬೇಸರ ಬಂದು ಮೂವತ್ತು ಕೊಟ್ಟೆಯ ಮಣ್ಣನ್ನು ಕೊಟ್ಟಿಗೆ ಹಿಂದೆ ಸುರಿದಿದ್ದೆ. ಮುಂದಿನ ಮಳೆಯಲ್ಲಿ ಅಲ್ಲಿ ಹನ್ನೊಂದು ಸಸಿ ಎದ್ದಿದ್ದವು. ಈಗ ಬೀಜದ ಹೊರಸಿಪ್ಪೆಯನ್ನು ಹುಷಾರಾಗಿ ಬಿಡಿಸಿ ಹಾಕುತ್ತೇನೆ, ಬೇಗ ಬರುತ್ತೆ.

ಪ್ರಶ್ನೆ: ನಮ್ಮೂರ ದೇವಸ್ಥಾನದ ಹತ್ತಿರ ದೊಡ್ಡ ಹೊನ್ನೆ ಮರ ಇದೆ. ಇನ್ನೂರು ಸಸಿಗೆ ಅದೊಂದರ ಬೀಜ ಸಾಲದೇ?
– ಓದುಗರು, ಸಾಗರ

ಉತ್ತರ: ಲೆಕ್ಕಕ್ಕೆ ಸಾಲುತ್ತೆ, ಕಾಡಿಗೆ ಸಾಲದು. ಇನ್ನೂರೂ ಒಂದೇ ತಾಯಿಯ ಮಕ್ಕಳಾಗಿಬಿಡುತ್ತವೆ. ಒಂಟಿ ಮರ ತನ್ನದೇ ಪರಾಗದಿಂದ ಕಟ್ಟಿದ ಬೀಜದಲ್ಲಿ ಸೊರಗಿದ ಸಸಿಯೂ ಜಾಸ್ತಿ. ದೂರ ದೂರದ ಹತ್ತಾರು ಮರ ಹುಡುಕಿ, ನೆಟ್ಟಗೆ ಬೆಳೆದ, ರೋಗ ಇಲ್ಲದ ಮರ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರ ಹೆಸರು ಕೇಳಿದ್ದೀರಲ್ಲ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದು ಪದ್ಮಶ್ರೀ ಪಡೆದವರು. ಯಾವುದು ಬೀಜಕ್ಕೆ ತಕ್ಕ ತಾಯಿಮರ ಅಂತ ಗುರುತಿಸುವುದರಲ್ಲೇ ಅವರ ಹೆಚ್ಚುಗಾರಿಕೆ ಇತ್ತು. ಇನ್ನೊಂದು ಮಾತು: ಮೀಸಲು ಅರಣ್ಯದಲ್ಲಿ ಕೇಳದೆ ಆರಿಸಬೇಡಿ. ಎಲ್ಲೇ ಆದರೂ ಮರದಡಿ ಗುಡಿಸಿ ತರಬೇಡಿ.

ಪ್ರಶ್ನೆ: ಬೀಜದುಂಡೆ ಮಾಡಿ ಗುಡ್ಡಕ್ಕೆ ಎಸೆದರೆ ಸುಲಭ ಅಲ್ವಾ?
– ಓದುಗರು, ಬೆಂಗಳೂರು

ಉತ್ತರ: ಎಸೆಯೋದು ಸುಲಭ. ಹಸಿ ಬೀಜ ಉಂಡೆ ಒಣಗುವಷ್ಟರಲ್ಲೇ ಸಾಯುತ್ತೆ. ಹುಣಸೆ, ಕಕ್ಕೆಯಂಥವು ಹುಟ್ಟಬಹುದು, ಆಮೇಲೆ ದನ ಇದೆ, ಬೇಸಿಗೆ ಇದೆ. ಮಕ್ಕಳ ಖುಷಿಗೆ ಮಾಡಿ, ಬೇಡ ಅನ್ನಲ್ಲ. ಎಸೆದ ಜಾಗಕ್ಕೆ ಮುಂದಿನ ಮೇ ತಿಂಗಳಲ್ಲಿ ಹೋಗಿ, ಎಷ್ಟು ಉಳಿದಿವೆ ಅಂತ ಎಣಿಸಿ ನನಗೊಂದು ಕಾಗದ ಹಾಕಿ.