ಡ್ರಮ್ಸ್ ಇದ್ದರೆ ಆರಾಧನೆ ಅಲ್ವಾ?

ಪುಸ್ತಕ ನೋಡಿ ಪ್ರಾರ್ಥನೆ ಹೇಳುವ ಚರ್ಚ್‌ನಲ್ಲಿ ಬೆಳೆದವರು ನೀವು. ಗೆಳತಿ ಕರೆದಳು ಅಂತ ಪೆಂಟೆಕೋಸ್ಟಲ್ ಸಭೆಗೆ ಹೋದಿರಿ, ಡ್ರಮ್ಸ್, ಚಪ್ಪಾಳೆ, ಎಲ್ಲರೂ ಒಟ್ಟಿಗೆ ಜೋರಾಗಿ ಪ್ರಾರ್ಥಿಸುವುದು ನೋಡಿ ಗಾಬರಿಯಾಗಿ, ಇದೂ ಆರಾಧನೆನಾ ಅಂತ ಕೇಳಿದ್ದೀರಿ. ಹೌದು, ಆರಾಧನೆಯೇ. ಹಾಗಂತ ನಿಮಗೆ ಒಗ್ಗಲೇಬೇಕು ಅಂತೇನೂ ಇಲ್ಲ.

ಸದ್ದು ಜಾಸ್ತಿ ಇದ್ದ ಕಡೆ ಭಕ್ತಿ ಕಡಿಮೆ ಅನ್ನುವ ಲೆಕ್ಕ ನನಗೆ ಸರಿ ಕಾಣುವುದಿಲ್ಲ. ಕ್ವೇಕರ್‌ಗಳು ಅನ್ನುವ ಕ್ರೈಸ್ತ ಪಂಗಡದ ಹಳೆಯ ಪದ್ಧತಿಯಲ್ಲಿ ಎಲ್ಲರೂ ಸುಮ್ನೆ ಕೂರುತ್ತಾರೆ, ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಮಾತ್ರ ಎದ್ದು ಹೇಳುತ್ತಾರೆ. ಗ್ರೀಕ್, ರಷ್ಯನ್ ಆರ್ಥೊಡಾಕ್ಸ್ ಚರ್ಚ್‌ಗಳಲ್ಲಿ ಸಾಮಾನ್ಯವಾಗಿ ವಾದ್ಯವೇ ಇಲ್ಲ, ಬರೀ ಕಂಠ. ನಿಮಗೆ ಅಷ್ಟು ಗಂಭೀರ ಅನ್ನಿಸುವ ಆರ್ಗನ್ ವಾದ್ಯ ಇದೆಯಲ್ಲ, ಅದನ್ನೂ 16ನೇ ಶತಮಾನದಲ್ಲಿ ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್‌ನ ಪ್ರೊಟೆಸ್ಟಂಟ್ ಸುಧಾರಕರು ಚರ್ಚ್‌ಗಳಿಂದ ತೆಗೆಸಿದ್ದರು! ಕ್ಯಾಥೊಲಿಕರ ಲ್ಯಾಟಿನ್ ಬಲಿಪೂಜೆ ಜನರ ಮಾತಿಗೆ ಬಂದದ್ದೂ ಅವರ ಬಿಷಪ್‌ಗಳ ಮಹಾಸಭೆಯಾದ 2ನೇ ವ್ಯಾಟಿಕನ್ ಸಭೆ 1963ರಲ್ಲಿ ದಾರಿ ಮಾಡಿಕೊಟ್ಟ ಮೇಲೆಯೇ.

ಇನ್ನೊಮ್ಮೆ ಹೋದರೆ ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಕೈ ಎತ್ತಲೇಬೇಕು ಅಂತಿಲ್ಲ. ಪಾಸ್ಟರ್ ಮಾಡುವ ಪ್ರಸಂಗ ಗಮನವಿಟ್ಟು ಕೇಳಿ, ನಿಜವಾಗಿ ತೂಗಿ ನೋಡಬೇಕಾದದ್ದು ಅದನ್ನೇ. ಪ್ರಭು ಭೋಜನದ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುವ ವಿಧಿಯ ವಿಷಯ ಮಾತ್ರ ಮೊದಲೇ ಕೇಳಿಕೊಳ್ಳಿ, ಕೆಲವು ಸಭೆಗಳು ಎಲ್ಲರಿಗೂ ಕೊಡುತ್ತವೆ, ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಚರ್ಚ್‌ಗಳು ಸಾಮಾನ್ಯವಾಗಿ ಹೊರಗಿನವರಿಗೆ ಕೊಡುವುದಿಲ್ಲ.

ಅಂದಹಾಗೆ, ಗೆಳತಿಯನ್ನೂ ಒಂದು ಭಾನುವಾರ ನಿಮ್ಮ ಚರ್ಚ್‌ಗೆ ಕರೆಯಿರಿ. ಅವಳಿಗೆ ನಿಮ್ಮ ಮೌನ ನೋಡಿ ಗಾಬರಿಯಾಗಬಹುದು.