ಲೂಯಿ ಬೆರ್ತಿನ್ಯಾಕ್: ಎಲ್ಲಿಂದ ಕೇಳಲು ಶುರು ಮಾಡುವುದು?

ಬೆರ್ತಿನ್ಯಾಕ್ ಫ್ರಾನ್ಸ್‌ನ ರಾಕ್ ಬ್ಯಾಂಡ್ 'ತೆಲೆಫೋನ್'ನ ಗಾಯಕರಾ, ಅವರನ್ನು ಎಲ್ಲಿಂದ ಕೇಳಬೇಕು ಅಂತ ಕೇಳಿದ್ದೀರಿ. ಮುಖ್ಯ ಗಾಯಕ ಝಾನ್-ಲೂಯಿ ಓಬೇರ್. ಬೆರ್ತಿನ್ಯಾಕ್ ಲೀಡ್ ಗಿಟಾರ್, ಕೆಲವೇ ಹಾಡುಗಳಲ್ಲಿ ಮುಖ್ಯ ದನಿ. ಗೊಂದಲ ಆಗುವುದು ಇಲ್ಲೇ.

1982ರ 'ದ್ಯೂರ್ ಲಿಮಿತ್' ಆಲ್ಬಮ್‌ನಿಂದ ಶುರು ಮಾಡಿ. ಬಾಬ್ ಎಜ್ರಿನ್ ನಿರ್ಮಾಣ. ಮೊದಲು 'ಸಾ', ಆ ಗಿಟಾರ್ ರಿಫ್ (ಮತ್ತೆ ಮತ್ತೆ ಬರುವ ಚಿಕ್ಕ ಸ್ವರಗುಚ್ಛ) ಒಂದೇ ಸಾಕು ಅವರ ಕೈ ಗುರುತಿಸಲು. ಆಮೇಲೆ ಅದೇ ಆಲ್ಬಮ್‌ನ 'ಸಾಂದ್ರಿಯೋಂ'. ಇಲ್ಲಿ ಹಾಡುವವರು ಬೆರ್ತಿನ್ಯಾಕ್ ಅವರೇ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿದರೆ ಓಬೇರ್ ದನಿಗೂ ಇವರ ಮೆದು ದನಿಗೂ ಇರುವ ಅಂತರ ತಟ್ಟನೆ ತಿಳಿಯುತ್ತದೆ.

1976ರಲ್ಲಿ ಹುಟ್ಟಿದ ಬ್ಯಾಂಡ್ 1986ರಲ್ಲಿ ಒಡೆಯಿತು. ಮರುವರ್ಷದ ಬೆರ್ತಿನ್ಯಾಕ್ ಹಾಡುಗಳು ಅವರ ಹೆಸರಲ್ಲಷ್ಟೇ ಹುಡುಕಿದರೆ ತಪ್ಪಿಹೋಗಬಹುದು; ಅವರ ಹೊಸ ತಂಡದ ಹೆಸರು 'ಬೆರ್ತಿನ್ಯಾಕ್ ಎ ಲೇ ವಿಸಿತರ್' ಅಂತ ಹುಡುಕಿ, 'ಸೆ ಇದೇ ಲಾ' ಹಾಡು ಬಿಡಬೇಡಿ.

ಗಾಯಕಿ ಕಾರ್ಲಾ ಬ್ರೂನಿಯ 2002ರ 'ಕೆಲ್ಕಂ ಮಾ ದಿ' ಆಲ್ಬಮ್ಮನ್ನೂ ದಯವಿಟ್ಟು ಕೇಳಿ. ನಿರ್ಮಾಪಕರು ಇವರೇ. ಅಷ್ಟು ಅಬ್ಬರದ ಗಿಟಾರ್ ನುಡಿಸಿದವರು ಅಲ್ಲಿ ಅಕೂಸ್ಟಿಕ್ ತಂತಿಯ ಸುತ್ತ ಜಾಗ ಖಾಲಿ ಬಿಟ್ಟಿದ್ದಾರೆ, ನನ್ನ ಪ್ರಕಾರ ಅವರ ಅತಿ ಸೂಕ್ಷ್ಮ ಕೆಲಸ ಅದು.

2015ರಲ್ಲಿ ಇವರು, ಓಬೇರ್, ಡ್ರಮ್ಮರ್ ರಿಶಾರ್ ಕೊಲಿಂಕಾ ಮತ್ತೆ ಸೇರಿದ್ದು 'ಲೇಸ್ ಆಂಸ್ಯು' ಹೆಸರಲ್ಲಿ. ಬಾಸ್ ನುಡಿಸುತ್ತಿದ್ದ ಕೊರೀನ್ ಮಾರಿಯೆನೋ ಅದರಲ್ಲಿ ಇರಲಿಲ್ಲ.